ಅಜ್ಜಿಯ ಸೀರೆ ಯಾವ ಬಣ್ಣದ್ದು? ಕಪ್ಪು-ಬಿಳುಪು ಫೋಟೋಗಳಿಗೆ ಬಣ್ಣ ಬಂದ ಕಥೆ

ನವೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಹಳೇ ಬೆಂಗಳೂರು ಬಣ್ಣ ಹಚ್ಚಿಕೊಂಡು ಓಡಾಡುತ್ತದೆ. ಮಾರ್ಕೆಟ್ ಮುಂದಿನ ಜಟಕಾ ಗಾಡಿಗಳು, ಪೇಟ ತೊಟ್ಟ ಸರ್ ಎಂ.ವಿ., ಇನ್ನೂ ಕಟ್ಟುತ್ತಿರುವ ವಿಧಾನಸೌಧ. ಹಿಂದೆಯೇ ಜಗಳವೂ ಶುರು. ಒಬ್ಬರಿಗೆ ಅದು ಅದ್ಭುತ, ಇನ್ನೊಬ್ಬರಿಗೆ ಇತಿಹಾಸಕ್ಕೆ ಮಸಿ ಬಳಿದ ಹಾಗೆ. ಮೂರನೆಯವರು ಅದು ಒರಿಜಿನಲ್ ಕಲರ್ ಫೋಟೋನೇ ಎಂದು ಪಟ್ಟು ಹಿಡಿಯುತ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು-ಮೂರು ಬಗೆಯ ಕೆಲಸಗಳನ್ನು ಬಣ್ಣ ಹಚ್ಚುವುದು ಎಂಬ ಒಂದೇ ಹೆಸರಿನಿಂದ ಕರೆಯುತ್ತಿರುವುದರಿಂದ ಈ ಜಗಳ ಬಗೆಹರಿಯುವುದೇ ಇಲ್ಲ.

ಲೋಹದ ತಗಡಿನ ಮೇಲೆ ಚಿತ್ರ ಮೂಡಿಸುವ ಮೊದಮೊದಲ ಫೋಟೋ ವಿಧಾನ ಡಗೆರೊಟೈಪ್ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಕೆಲವೇ ವರ್ಷಗಳಲ್ಲಿ ಯುರೋಪಿನಲ್ಲಿ ಅದರ ಮೇಲೆ ಬಣ್ಣದ ಪುಡಿ ಉದುರಿಸುವವರು ಹುಟ್ಟಿಕೊಂಡರು, ನಮ್ಮಲ್ಲಿ ರಾಜರ ಫೋಟೋಗಳ ಮೇಲೆ ಚಿತ್ರಕಾರರು ಕೈಯಾಡಿಸಿದರು, ಆಮೇಲೆ ಸ್ಟುಡಿಯೋದವರು ಮದುಮಗಳ ಒಡವೆಗೆ ಚಿನ್ನದ ಬಣ್ಣ ಕೊಟ್ಟರು, ಕಲರ್ ಲ್ಯಾಬ್ ಬಂದದ್ದೇ ಕುಂಚದವರ ಕೆಲಸ ಮುಗಿಯಿತು. ಅದನ್ನು ಮೋಸ ಎಂದವರು ಕಡಿಮೆ. ಕೆನ್ನೆಯ ಗುಲಾಬಿ ಕುಂಚದ್ದು ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಫೋಟೋಶಾಪ್ ಬಂದದ್ದು 1990ರಲ್ಲಿ. 1994ರ ಮೂರನೇ ಆವೃತ್ತಿಯಲ್ಲಿ ಲೇಯರ್‌ಗಳು, ಅಂದರೆ ಚಿತ್ರದ ಮೇಲೆ ಹಾಸುವ ಪಾರದರ್ಶಕ ಹಾಳೆಯಂಥ ಪದರಗಳು, ಸೇರಿದವು. ಬಣ್ಣದ ಮಟ್ಟಿಗೆ ನಿಜವಾದ ತಿರುವು ಅದು. ಬೆಂಗಳೂರಿನಲ್ಲಿ ಈ ವಿದ್ಯೆ ಬೆಳೆದದ್ದು ಡಿಟಿಪಿ ಅಂಗಡಿಗಳಲ್ಲಿ, ಲಗ್ನಪತ್ರಿಕೆ ಮತ್ತು ವಿಸಿಟಿಂಗ್ ಕಾರ್ಡ್‌ಗಳ ನಡುವೆ. ಹೆಚ್ಚಾಗಿ ಕೆಲಸ ಬರುತ್ತಿದ್ದದ್ದು ಸಾವಿನ ಮನೆಯಿಂದ. ವೈಕುಂಠ ಸಮಾರಾಧನೆಯ ಹೊತ್ತಿಗೆ ದೊಡ್ಡ ಫೋಟೋ ಬೇಕು, ಇರುವುದು ಫಂಗಸ್ ಹಿಡಿದ ಒಂದು ಗ್ರೂಪ್ ಫೋಟೋ. ಸ್ಕ್ಯಾನ್ ಮಾಡಿ, ಚಿತ್ರದ ಒಂದು ಕಡೆಯ ಭಾಗವನ್ನು ಇನ್ನೊಂದು ಕಡೆ ಅಂಟಿಸುವ ಕ್ಲೋನ್ ಸ್ಟ್ಯಾಂಪ್‌ನಿಂದ ಕಲೆ ತೆಗೆಯಬೇಕು. 2002ರಲ್ಲಿ ಅಂಟಿಸಿದ್ದನ್ನು ಸುತ್ತಲಿನ ಬಣ್ಣಕ್ಕೆ ತಾನೇ ಹೊಂದಿಸುವ ಹೀಲಿಂಗ್ ಬ್ರಷ್ ಬಂದ ಮೇಲೆ ಈ ಭಾಗ ಸ್ವಲ್ಪ ಹಗುರಾಯಿತು.

ಬಣ್ಣದ ಸರದಿ ಆಮೇಲೆ. ಹೊಸ ಲೇಯರ್ ತೆಗೆದು, ಅದರ ಮೋಡ್ ಅನ್ನು ಕಲರ್‌ಗೆ ಬದಲಿಸಿ, ಮೆತ್ತನೆಯ ಬ್ರಷ್ ಹಿಡಿಯುವುದು. ಆಗ ಬೆಳಕು-ನೆರಳು ಕೆಳಗಿನ ಫೋಟೋದ್ದೇ, ಬಣ್ಣ ಮಾತ್ರ ಮೇಲಿನದು. ಮೈಗೆಲ್ಲ ಒಂದೇ ಬಣ್ಣ ಬಳಿದರೆ ಮುಖ ಮೇಣದ ಬೊಂಬೆ. ಹಣೆಗೆ ಹಳದಿ ಛಾಯೆ ಹೆಚ್ಚು, ಮೂಗು-ಕಿವಿಗೆ ಕೆಂಪು, ಗದ್ದದ ಕೆಳಗೆ ಕಂದು. ಪಂಚೆ ಬಿಳಿಯೆಂದು ಸುಮ್ಮನೆ ಬಿಟ್ಟರೆ ಅದೊಂದೇ ಹಳೇ ಫೋಟೋದಲ್ಲಿ ಉಳಿದುಬಿಡುತ್ತದೆ. ಅದಕ್ಕೂ ಚೂರು ಬಣ್ಣ ಬೇಕು. ಇಷ್ಟೆಲ್ಲ ಮಾಡಿದ ಮೇಲೂ ಲೇಯರ್ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಸಾಕು, ಮೂಲ ಚಿತ್ರ ಇದ್ದ ಹಾಗೇ ಎದುರು ಬರುತ್ತಿತ್ತು.

ಜೊತೆಗೆ, ಅಂಗಡಿಯವನು ಬಣ್ಣ ಕೇಳಲೇಬೇಕಿತ್ತು.

"ಸೀರೆ ಯಾವ ಕಲರ್ ಹಾಕ್ಲಿ ಸಾರ್?"

"ಅದು ಅಮ್ಮನ ಧಾರೆ ಸೀರೆ... ತಾಳ್ರಿ, ದೊಡ್ಡಮ್ಮನ್ನ ಕೇಳಿ ಹೇಳ್ತೀನಿ."

ಫೋನಿನ ಆ ಕಡೆಯಿಂದ ಬಣ್ಣದ ಜೊತೆಗೆ ಸೀರೆ ತಂದ ಊರು, ಅಂಚಿನ ಜರಿ, ಅದನ್ನು ಕೊನೆಗೆ ಯಾರಿಗೆ ಕೊಟ್ಟರು ಎನ್ನುವುದೂ ಬರುತ್ತಿತ್ತು. ಹಾಗೆಂದು ಆ ಕಾಲ ಸತ್ಯಯುಗವೇನಲ್ಲ. "ಸ್ವಲ್ಪ ಬೆಳ್ಳಗೆ ಮಾಡಿ" ಎನ್ನದ ಗಿರಾಕಿ ಅಪರೂಪ.

ಕೇಳದೆ ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕುಂಕುಮವೇ ಸಾಕ್ಷಿ. ಹಳೆಯ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ನೀಲಿ ಮಾತ್ರ ಅಗತ್ಯಕ್ಕಿಂತ ಬೆಳ್ಳಗೆ ಮೂಡುತ್ತಿತ್ತು. ಹಾಗಾಗಿ ಅಂಥ ಫೋಟೋದಲ್ಲಿ ಹಣೆಯ ಕುಂಕುಮ ಕಪ್ಪು ಚುಕ್ಕೆ, ಕೆಂಪು ಸೀರೆ ಕಪ್ಪು ಸೀರೆ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದ ಮೇಲೂ ಬೂದು ಬೂದೇ: ಕಡುಹಸಿರು, ಕೆಂಪು, ನೇರಳೆ ಮೂರೂ ಒಂದೇ ಛಾಯೆಯಲ್ಲಿ ಕೂತಿರಬಹುದು. ಫೋಟೋದೊಳಗೆ ಉತ್ತರ ಇಲ್ಲ, ಹೊರಗಿನಿಂದಲೇ ತರಬೇಕು.

ನಡುವೆ ಸಿನಿಮಾದವರೂ ಈ ದಾರಿಗೆ ಬಂದರು. 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಮತ್ತೆ ತೆರೆಗೆ ಬಂದವು. ರಾಜ್‌ಕುಮಾರ್ ಅಭಿಮಾನಿಗಳಿಗೆ ಅದು ಹಬ್ಬ. ನೆರಳು-ಬೆಳಕಿಗೆಂದೇ ಯೋಚಿಸಿದ ಛಾಯಾಗ್ರಹಣಕ್ಕೆ ಬಣ್ಣ ಏಕೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

2016ರಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರ ತೋರಿಸಿ ಕಂಪ್ಯೂಟರಿಗೆ ಬಣ್ಣ ಊಹಿಸಲು ಕಲಿಸಿದರು. 2018ರಲ್ಲಿ ಹಳೇ ಫೋಟೋಗೆ ತಾನೇ ಬಣ್ಣ ಹಚ್ಚುವ ಡಿಓಲ್ಡಿಫೈ ಎಂಬ ತಂತ್ರಾಂಶ ಯಾರು ಬೇಕಾದರೂ ಬಳಸುವಂತೆ ಸಿಕ್ಕಿತು, 2020ರಲ್ಲಿ ಫೋಟೋಶಾಪ್‌ನೊಳಗೇ ಬಣ್ಣ ಹಚ್ಚುವ ಫಿಲ್ಟರ್ ಕೂತಿತು. ಇವು ಕೆಲಸ ಮಾಡುವುದು ಸಂಭವದ ಲೆಕ್ಕದಲ್ಲಿ. ಹುಲ್ಲು, ಆಕಾಶ ಸರಿ ಬರುತ್ತವೆ. ಇಳಕಲ್ ಸೀರೆಯ ಸೆರಗು ಕೆಂಪು ಅಂತ ನಮ್ಮ ಅಜ್ಜಿಯರಿಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಧೈರ್ಯ ಸಾಲದ ಕಡೆ ಮಣ್ಣಿನ ಬಣ್ಣಕ್ಕೆ ಜಾರುತ್ತದೆ. ಹಳೇ ಬೆಂಗಳೂರೆಲ್ಲ ಕಂದು ಬಟ್ಟೆಯಲ್ಲೇ ಓಡಾಡಿದಂತೆ ಕಾಣುವುದು ಹೀಗಾಗಿ.

ಅಲ್ಲಿಯವರೆಗೂ ಕೆಳಗಿನ ಬೆಳಕು-ನೆರಳು ಬಹುಮಟ್ಟಿಗೆ ಹಾಗೇ ಉಳಿಯುತ್ತಿತ್ತು. ಈಗಿನ ಜನರೇಟಿವ್ ಎಐ ಬೇರೆ ಜಾತಿಯದು. "ಕಲರ್ ಮಾಡು" ಎಂದರೆ ಅದು ಇಡೀ ಚಿತ್ರವನ್ನೇ ಹೊಸದಾಗಿ ಬರೆದುಕೊಡುತ್ತದೆ. ಕಣ್ಣಿನ ಅಂಚು ತುಸು ಬದಲು, ಬೋರ್ಡಿನ ಮೇಲಿನ ಕನ್ನಡ ಅಕ್ಷರ ಕನ್ನಡದಂತೆ ಕಾಣುವ ಇನ್ನೇನೋ. ನಾವು ಮಾತ್ರ ಸೀರೆ ಹಸಿರೋ ನೀಲಿಯೋ ಎಂದು ವಾದಿಸುತ್ತಿರುತ್ತೇವೆ, ಅಲ್ಲಿರುವುದು ಅಜ್ಜಿಯ ಮುಖವೇ ಅಲ್ಲ ಎನ್ನುವುದು ಗಮನಕ್ಕೆ ಬಂದಿರುವುದಿಲ್ಲ. ಹಿಂದೊಮ್ಮೆ ಕಾಂಬೋಡಿಯದ ಸೆರೆಮನೆಯಲ್ಲಿದ್ದು ಕೊಲೆಯಾದವರ ಫೋಟೋಗಳಿಗೆ 2021ರಲ್ಲಿ ಬಣ್ಣದ ಜೊತೆ ನಗುವನ್ನೂ ಸೇರಿಸಿ ಪ್ರಕಟಿಸಲಾಗಿತ್ತು. ಅಲ್ಲಿನ ಸರ್ಕಾರವೇ ಆಕ್ಷೇಪಿಸಿದ ಮೇಲೆ ತೆಗೆದುಹಾಕಿದರು. ಬಣ್ಣ ಹಚ್ಚುವುದಕ್ಕೂ ತಿದ್ದುವುದಕ್ಕೂ ನಡುವಿನ ಗೆರೆ ಅಳಿಸಿಹೋದರೆ ಎಲ್ಲಿಗೆ ಮುಟ್ಟಬಹುದು ಎಂದು ಆಗಲೇ ಗೊತ್ತಾಗಿತ್ತು.

ಮನೆಯ ಫೋಟೋಗೆ ಬಣ್ಣ ಬೇಕೆನಿಸಿದರೆ ಬೇಡ ಎನ್ನಲು ಯಾರಿಗೂ ಹಕ್ಕಿಲ್ಲ. ಏನೂ ತಿದ್ದದ ಸ್ಕ್ಯಾನನ್ನು ಬೇರೆಯಾಗಿ, ಗುಣಮಟ್ಟ ಕುಂದದ ಟಿಫ್ (TIFF) ಫೈಲಾಗಿ ಇಟ್ಟುಕೊಂಡರೆ ಮುಂದೆ ಬಣ್ಣ ಎಷ್ಟು ಸಲ ಬದಲಾದರೂ ನಷ್ಟವಿಲ್ಲ. ಬಣ್ಣ ಹಚ್ಚಿದ ಪ್ರತಿಯಲ್ಲಿ ಆ ಮಾತನ್ನು ಚಿತ್ರದ ಅಂಚಿನಲ್ಲೇ ಬರೆಯಬೇಕು. ಫೈಲಿನ ಮಾಹಿತಿಯಲ್ಲಿ ಬರೆದದ್ದನ್ನು ವಾಟ್ಸಾಪ್ ಉದುರಿಸಿಬಿಡುತ್ತದೆ. ಮೂಲ ಪ್ರತಿಯನ್ನು ನೆಂಟರಿಗೆ ಕಳಿಸುವಾಗ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ.