ನೀಲಿ ಹಚ್ಚಿ ಹಲ್ಲು ನೋಡುವ ವಿದ್ಯೆ

ಕೋಲಾರದ ಎಪಿಎಂಸಿಗೆ ಟೊಮ್ಯಾಟೊ ಹೊರುವ ಪಿಕಪ್ ಗಾಡಿ ಅದು. ವೇಗ 50 ದಾಟಿದರೆ ಹಿಂದಿನಿಂದ ಊಊ ಅಂತ ಕೂಗು. ಆಕ್ಸಿಲರೇಟರ್ ಬಿಟ್ಟರೆ ಕೂಗಿನ ರಾಗವೇ ಬೇರೆ. ಗೇರ್ ಹಾಕಿದಾಗೆಲ್ಲ ಹಿಂದೆ ‘ಟಣ್’. ಗಾಡಿಯ ಮಾಲೀಕರು ನನಗೆ ಪರಿಚಯದವರು. ದೃಷ್ಟಿ ತಾಗಿದೆ ಅಂತ ಯಾರೋ ಹೇಳಿದರು. ನಿಂಬೆಹಣ್ಣು ಕಟ್ಟಿ ಎರಡು ತಿಂಗಳು ಹಾಗೇ ಓಡಿಸಿದರು. ಅಷ್ಟರಲ್ಲಿ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ನಲ್ಲಿ ಪಿನಿಯನ್ ಅನ್ನುವ ಚಿಕ್ಕ ಹಲ್ಲುಚಕ್ರದ ಬೇರಿಂಗ್ ಸವೆದು, ಅದರ ಉಕ್ಕಿನ ಪುಡಿ ಆಯಿಲ್‌ಗೆ ಸೇರಿ, ಚೆನ್ನಾಗಿದ್ದ ಹಲ್ಲುಗಳನ್ನೂ ತಿಂದು ಹಾಕಿತ್ತು. ನಿಂಬೆಹಣ್ಣು ಯಾರಿಗೂ ಕೆಟ್ಟದ್ದು ಮಾಡುವುದಿಲ್ಲ, ನಿಜ. ಆದರೆ ಆ ಎರಡು ತಿಂಗಳು ಕಳೆದು ಹೋಯಿತಲ್ಲ, ನನಗೆ ಸಂಕಟ ಅದರದ್ದು.

ಡಿಫರೆನ್ಷಿಯಲ್ ಏನು ಮಾಡುತ್ತದೆ ಅನ್ನುವುದಕ್ಕೆ ನೊಗ ನೋಡಿದರೆ ಸಾಕು. ನೊಗದ ನಡುವಿಗೆ ಬಂಡಿ, ಎರಡು ತುದಿಗೆ ಎರಡು ಎತ್ತು. ತಿರುವಿನಲ್ಲಿ ಹೊರಗಿನ ಎತ್ತು ಒಂದು ಹೆಜ್ಜೆ ಮುಂದೆ ಹೋದರೆ ನೊಗ ಓರೆಯಾಗುತ್ತದೆ. ನಡುವಿನ ಭಾಗ ಎರಡೂ ಎತ್ತುಗಳ ಸರಾಸರಿ ವೇಗದಲ್ಲೇ ಹೋಗುತ್ತದೆ. ಎಳೆತ ಇಬ್ಬರಿಗೂ ಸಮ. ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಚಕ್ರ ಕ್ರೌನ್ ವೀಲ್, ಅದು ಆ ನೊಗದ ನಡುವು. ಒಳಗಿನ ಸ್ಟಾರ್ ಪಿನಿಯನ್ ಅನ್ನುವ ಪುಟ್ಟ ಹಲ್ಲುಚಕ್ರಗಳೇ ಸುತ್ತುವ ನೊಗ. ಒಂದು ಚಕ್ರ ಕೆಸರಿನಲ್ಲಿ ಸುಮ್ನೆ ತಿರುಗುವಾಗ ಇನ್ನೊಂದು ಅಲುಗದೆ ನಿಲ್ಲುವುದೂ ಇದಕ್ಕೇ: ಒಂದು ಎತ್ತು ಎಳೆಯದಿದ್ದರೆ ಇನ್ನೊಂದು ಎಳೆದಷ್ಟೂ ನೊಗ ತಿರುಗುತ್ತದೆ, ಬಂಡಿ ಹೋಗುವುದಿಲ್ಲ. ಫ್ರಾನ್ಸಿನ ಪೆಕ್ಯೂರ್ 1820ರ ದಶಕದ ಕೊನೆಯಲ್ಲಿ ಇದನ್ನು ಉಗಿಬಂಡಿಗೆ ಹೊಂದಿಸಿದ. ಅವನು ಮೂಲತಃ ಗಡಿಯಾರ ಮಾಡುವವನು.

ಆದರೆ ನನ್ನ ಮನಸ್ಸು ಹೋಗುವುದು ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ಕಡೆಗೆ. ಪಿನಿಯನ್‌ಗೆ 9 ಹಲ್ಲು, ಕ್ರೌನ್‌ಗೆ 37 ಅಂತ ಇಟ್ಟುಕೊಳ್ಳಿ. 8 ಮತ್ತು 40 ಯಾಕೆ ಬೇಡ? 8 ಮತ್ತು 40 ಆದರೆ ಪಿನಿಯನ್‌ನ ಒಂದು ಹಲ್ಲು ಕ್ರೌನ್‌ನ ಅದೇ ಐದು ಹಲ್ಲುಗಳಿಗೆ ಜೀವನಪೂರ್ತಿ ಬಡಿಯುತ್ತಿರುತ್ತದೆ. ಅದರಲ್ಲಿ ಒಂದು ಗೀರು ಇದ್ದರೆ ಆ ಐದಕ್ಕೇ ಪೆಟ್ಟು. 9 ಮತ್ತು 37ಕ್ಕೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲ. ಹಾಗಾಗಿ ಪ್ರತಿ ಹಲ್ಲೂ ಪ್ರತಿ ಹಲ್ಲನ್ನೂ ಭೇಟಿಯಾಗುತ್ತದೆ. ಒಮ್ಮೆ ಕೂಡಿದ ಜೋಡಿ ಮತ್ತೆ ಕೂಡುವುದು ಪಿನಿಯನ್ 37 ಸುತ್ತು ಹಾಕಿದ ಮೇಲೆ. ಆದಿತಾಳದ 8 ಅಕ್ಷರದ ಮೇಲೆ 7 ಅಕ್ಷರದ ಸೊಲ್ಲುಕಟ್ಟು ನುಡಿಸುತ್ತಾ ಹೋದರೆ 56 ಅಕ್ಷರ ಆದ ಮೇಲಷ್ಟೇ ಸಮಕ್ಕೆ ಬಂದು ಕೂರುತ್ತದಲ್ಲ, ಅದೇ ಲೆಕ್ಕ. ಸವೆತವನ್ನು ಊರಿಗೆಲ್ಲ ಹಂಚುವ ಲೆಕ್ಕ ಇದು.

ಇದರಿಂದಲೇ ಇನ್ನೊಂದು ಮಾತು. ಕ್ರೌನ್ ಮತ್ತು ಪಿನಿಯನ್ ಅನ್ನು ಕಾರ್ಖಾನೆಯಲ್ಲಿ ಜೊತೆಯಾಗಿ ಉಜ್ಜಿ ಹೊಂದಿಸಿರುತ್ತಾರೆ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೊರೆದಿರುತ್ತದೆ. ಗಾಡಿ ಬಿಡಿಭಾಗ ಸಿಗುವ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಪಿನಿಯನ್ ಮಾತ್ರ ತರುತ್ತೇನೆ ಅನ್ನುವವರಿಗೆ ನಾನು ಕೈಮುಗಿದು ಬೇಡ ಅನ್ನುತ್ತೇನೆ.

ಜೋಡಿ ತಂದರೂ ಕೆಲಸ ಮುಗಿಯುವುದಿಲ್ಲ. ಹೊಸ ಸಾಮಾನು ಹಾಕಿದರೆ ಸದ್ದು ತಾನೇ ಹೋಗುತ್ತೆ ಅಂತ ಎಲ್ಲರೂ ನಂಬಿದ್ದಾರೆ. ಆದರೆ ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಶಿಮ್, ತೆಳ್ಳನೆಯ ಉಕ್ಕಿನ ಬಳೆ. ಹಲ್ಲುಗಳ ನಡುವೆ ಬಿಡಬೇಕಾದ ಪ್ಲೇ, ಅಂದರೆ ಸಡಿಲ, ಸುಮಾರು 0.15ರಿಂದ 0.20 ಮಿ.ಮೀ. ಎರಡು ಹಾಳೆ ಕಾಗದದಷ್ಟು! ಜಾಸ್ತಿಯಾದರೆ ‘ಟಣ್’. ಕಡಿಮೆಯಾದರೆ ಬಿಸಿಗೆ ಉಕ್ಕು ಹಿಗ್ಗಿದಾಗ ಆಯಿಲ್‌ಗೆ ಜಾಗವೇ ಇಲ್ಲ.

ನಮ್ಮ ಮೇಸ್ತ್ರಿ ಆ ಪ್ಲೇಯನ್ನು ಡಯಲ್ ಗೇಜ್ ಅನ್ನುವ ಮುಳ್ಳಿನ ಮಾಪಕ ಇಟ್ಟು ಅಳೆದರು. ಆಮೇಲೆ ಕ್ರೌನ್‌ನ ನಾಲ್ಕಾರು ಹಲ್ಲಿಗೆ ಪ್ರಶ್ಯನ್ ಬ್ಲೂ ಹಚ್ಚಿದರು. ಈ ನೀಲಿ 1700ರ ದಶಕದ ಮೊದಲ ವರ್ಷಗಳಲ್ಲಿ ಬರ್ಲಿನ್ನಿನಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು, ಚಿತ್ರಕಾರರ ಬಣ್ಣ. ದೇಹಕ್ಕೆ ವಿಕಿರಣಶೀಲ ಸೀಸಿಯಂ ಸೇರಿದರೆ ಔಷಧಿಯಾಗಿ ಕೊಡುವುದೂ ಇದನ್ನೇ. ಗ್ಯಾರೇಜಿನಲ್ಲಿ ಇದು ಕಣ್ಣು. ಒಂದು ಕೈಯಲ್ಲಿ ಕ್ರೌನ್ ಹಿಡಿದು ತಡೆಯುತ್ತಾ ಪಿನಿಯನ್ ತಿರುಗಿಸಿದರು. ತಾಗಿದ ಕಡೆ ನೀಲಿ ಒರೆಸಿ ಹೋಗಿ, ಪ್ರತಿ ಹಲ್ಲಿನ ಮೇಲೂ ಹುಣಸೆಬೀಜದ ಆಕಾರದ ಗುರುತು.

“ಅಣ್ಣಾ, ಚೆನ್ನಾಗೇ ಬಿದ್ದಿದೆ ಅಲ್ವಾ?” ಅಂದರು ಮಾಲೀಕರು.

“ಇಲ್ಲಪ್ಪ, ಮೇಲೆ ಕೂತಿದೆ. ಇನ್ನೊಂದು ಸಲ ಬಿಚ್ಚಬೇಕು,” ಅಂದರು ಮೇಸ್ತ್ರಿ.

ಗುರುತು ಹಲ್ಲಿನ ತುದಿಯಲ್ಲಿ ಬಿದ್ದರೆ ಪಿನಿಯನ್ ದೂರ ಇದೆ, ಶಿಮ್ ದಪ್ಪ ಮಾಡಿ ಒಳಗೆ ತಳ್ಳಬೇಕು. ಬುಡದಲ್ಲಿ ಬಿದ್ದರೆ ಜಾಸ್ತಿ ಒಳಗೆ ಹೋಗಿದೆ. ನಡುವೆ ಬೀಳಬೇಕು, ಒಳಮಗ್ಗುಲಿಗೆ ಒಂದಿಷ್ಟು ಸರಿದಿದ್ದರೆ ಒಳ್ಳೆಯದು. ಯಾಕೆಂದರೆ ಲೋಡ್ ಎಳೆಯುವಾಗ ಎಲ್ಲವೂ ಕೊಂಚ ಬಾಗಿ, ಗುರುತು ಹೊರಮಗ್ಗುಲಿಗೆ ಹರಡುತ್ತದೆ. ದರ್ಜಿ ಅಳತೆ ತೆಗೆಯುವಾಗ ಉಸಿರಾಡಲು ಸಡಿಲ ಬಿಡುತ್ತಾನಲ್ಲ, ಹಾಗೆ. ದಂತವೈದ್ಯರು ಹೊಸ ಹಲ್ಲು ಕೂರಿಸಿ ಬಣ್ಣದ ಕಾಗದ ಕಚ್ಚಿಸುವುದೂ ಇದೇ ವಿದ್ಯೆ. ಆ ದಿನ ನಾಲ್ಕು ಸಲ ಬಿಚ್ಚಿ ಕಟ್ಟಿದರು. ನನಗೆ ಒಂದು ಸಲವೂ ಬೇಸರವಾಗಲಿಲ್ಲ.

ಆಯಿಲ್ ಬಗ್ಗೆ ಹೇಳಲೇಬೇಕು. ಅದಕ್ಕೆ ಮೊದಲು ಹಲ್ಲಿನ ಆಕಾರದ ಕಥೆ. ಮೊದಲ ಕಾರುಗಳಲ್ಲಿ ಪಿನಿಯನ್ ಕ್ರೌನ್‌ನ ನಡುಮಟ್ಟಕ್ಕೇ ಇರುತ್ತಿತ್ತು. ಅದನ್ನು ಕೆಳಗಿಳಿಸುವ ಹೈಪಾಯ್ಡ್ ಹಲ್ಲುಗಳನ್ನು ಅಮೆರಿಕದ ರಾಚೆಸ್ಟರ್‌ನ ಗ್ಲೀಸನ್ ಕಂಪನಿ ರೂಪಿಸಿತು, ಪ್ಯಾಕಾರ್ಡ್ ಕಾರು 1920ರ ದಶಕದಲ್ಲಿ ಅಳವಡಿಸಿಕೊಂಡಿತು. ಆ ಮನೆಯ ಮಗಳು ಕೇಟ್ ಗ್ಲೀಸನ್ ಕಂಪನಿಯ ಯಂತ್ರಗಳನ್ನು ದೇಶ ಸುತ್ತಿ ಮಾರಿದವಳು. 1914ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘಕ್ಕೆ ಪೂರ್ಣ ಸದಸ್ಯೆಯಾದ ಮೊದಲ ಹೆಂಗಸು. ಅವಳ ಬಗ್ಗೆ ನಮ್ಮ ಪಾಠಗಳಲ್ಲಿ ಒಂದು ಸಾಲೂ ಇಲ್ಲವಲ್ಲ ಅನ್ನಿಸುತ್ತದೆ.

ಹೈಪಾಯ್ಡ್‌ನಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಜಾರುತ್ತವೆ ಕೂಡ. ಆ ಒತ್ತಡಕ್ಕೆ ಬರೀ ಎಣ್ಣೆಯ ಪದರ ಹರಿದು ಹೋಗುತ್ತದೆ. ಅದಕ್ಕೆ ಇಂಥ ಹಲ್ಲುಗಳಿಗೆ ಹಾಕುವ ಜಿಎಲ್-5 ದರ್ಜೆಯ ಗೇರ್ ಆಯಿಲ್‌ನಲ್ಲಿ ಗಂಧಕ, ರಂಜಕದ ಸಂಯುಕ್ತಗಳಿರುತ್ತವೆ. ಹಲ್ಲು ಬಿಸಿಯಾದ ಚುಕ್ಕೆಯಲ್ಲೇ ಅವು ಕಬ್ಬಿಣದ ಜೊತೆ ಸೇರಿ ಮೆತ್ತನೆಯ ಪೊರೆ ಕಟ್ಟುತ್ತವೆ. ಪೊರೆ ಸವೆಯುತ್ತದೆ, ಹಲ್ಲು ಉಳಿಯುತ್ತದೆ. ಮೂಗಿಗೆ ಬಡಿಯುವ ಆ ಘಾಟು ಗಂಧಕದ್ದೇ. ಬರೀ ದಪ್ಪ ಆಯಿಲ್ ಹಾಕಿದರೆ ಸದ್ದು ಮುಚ್ಚಬಹುದು, ಸವೆತ ನಿಲ್ಲುವುದಿಲ್ಲ.

ಐದನೆಯ ಸಲ ನೀಲಿ ಹಚ್ಚಿದಾಗ ಗುರುತು ನಡುವೆ ಬಿತ್ತು. ಮೊದಮೊದಲು ಖಾಲಿ ಗಾಡಿ ಓಡಿಸಿ, ನಡುನಡುವೆ ನಿಲ್ಲಿಸಿ ಆರಲು ಬಿಡಿ ಅಂದರು ಮೇಸ್ತ್ರಿ. 800 ಕಿ.ಮೀ. ಆದ ಮೇಲೆ ಆಯಿಲ್ ಇಳಿಸಿದೆವು. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಬೂದುಬಣ್ಣದ ಕೆಸರು ಅಂಟಿತ್ತು. ಮೇಸ್ತ್ರಿ ಅದನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿದರು. ವಿಭೂತಿಯಷ್ಟು ನುಣ್ಣಗಿತ್ತು, ಒಂದು ಚೂರೂ ಚುಚ್ಚಲಿಲ್ಲ. ಕೈ ಒರೆಸಿಕೊಂಡು ಹೊಸ ಆಯಿಲ್ ಡಬ್ಬ ಕೇಳಿದರು.