ಜೊಂಡಿನೊಳಗೆ ಕೂಗುವವರು ಯಾರು?

ನಾಲ್ಕು ಮಳೆ ಬಿದ್ದರೆ ಸಾಕು, ಕೆರೆಯಂಚಿನ ಜೊಂಡಿನಿಂದ ಸಂಜೆ ಹೊತ್ತು ಒಂದು ಗಲಾಟೆ ಶುರುವಾಗುತ್ತದೆ. ಮೊದಲು ಗೊರಗೊರ ಸದ್ದು, ಆಮೇಲೆ 'ಕ್ವಾಕ್, ಕ್ವಾಕ್, ಕ್ವಾಕ್'. ಕೆಲವು ಸಲ ರಾತ್ರಿಯೂ ಬಿಡುವುದಿಲ್ಲ. ಎರಡು ಮಳೆಗಾಲ ನಾನು ಇದನ್ನು ಕಪ್ಪೆ ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಕೂಗು ಬರುತ್ತಿದ್ದ ಜಾಗದಿಂದಲೇ ಬಿಳಿ ಮುಖ, ಬಿಳಿ ಎದೆಯ ಹಕ್ಕಿಯೊಂದು ಹೊರಬಂತು. ಮೋಟು ಬಾಲ ಕುಣಿಸಿ, ಅದರಡಿಯ ಇಟ್ಟಿಗೆ ಬಣ್ಣ ತೋರಿಸಿ, ಮತ್ತೆ ಒಳಗೆ ನುಗ್ಗಿತು. ಹುಂಡುಕೋಳಿ!

ಹುಂಡುಕೋಳಿ ಪರವಾಗಿಲ್ಲ, ಆಗಾಗ ಬಯಲಿಗೆ ಬರುತ್ತದೆ. ಅದರ ನೆಂಟರಾದ ಕ್ರೇಕ್ ಹಕ್ಕಿಗಳಿಗೆ ನಾಚಿಕೆ ಜಾಸ್ತಿ. ಎರಡೂ ಪಕ್ಕದಿಂದ ಒತ್ತಿದ ಹಾಗಿರುವ ಮೈ, ಆದ್ದರಿಂದ ಕಡ್ಡಿ ಅಲುಗದಂತೆ ಜೊಂಡಿನ ಸಂದಿಯಲ್ಲಿ ನುಸುಳುತ್ತವೆ. ಬೈನಾಕ್ಯುಲರ್ ಹಿಡಿದು ಕೂತವರಿಗೆ ಕಾಣುವುದು ಬರೀ ಜೊಂಡು.

ಒಳಗಿರುವ ಹಕ್ಕಿಗೂ ಅದೇ ಕಷ್ಟ ಅಲ್ವಾ? ಹತ್ತು ಅಡಿ ಆಚೆಗಿರುವ ಹೆಣ್ಣು ಅದಕ್ಕೆ ಕಾಣುವುದಿಲ್ಲ. ಕೂಗಲೇಬೇಕು. ಸಣ್ಣ, ಕೀರಲು ದನಿ ಕಡ್ಡಿ ಎಲೆಗಳಿಗೆ ಬಡಿದು ಬೇಗ ಚದುರಿಹೋಗುತ್ತದೆ. ದಪ್ಪ ದನಿಯ ಅಲೆ ಉದ್ದ, ಜೊಂಡನ್ನು ಸುಲಭವಾಗಿ ಬಳಸಿಕೊಂಡು ಹೋಗುತ್ತದೆ.

ಇದರಲ್ಲಿ ಪಳಗಿದ್ದು ಯುರೋಪಿನ ಬಿಟರ್ನ್, ಬಕಪಕ್ಷಿಯ ಬಳಗದ್ದು. ಗಂಡು ಹಕ್ಕಿ ಗಾಳಿ ಎಳೆದುಕೊಂಡು ಗಂಟಲು ಉಬ್ಬಿಸಿ 'ಹೂಂಪ್' ಎನ್ನುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿ ನೋಡಿ, ಹೆಚ್ಚುಕಮ್ಮಿ ಅದೇ ಸದ್ದು. ಕಂಪನ ಸೆಕೆಂಡಿಗೆ ಸುಮಾರು 150, ಅಂದರೆ ಒಂದೊಂದು ಅಲೆಯೂ ಎರಡು ಮೀಟರಿಗಿಂತ ಉದ್ದ. ಗಾಳಿಯಿಲ್ಲದ ಬೆಳಗ್ಗೆ ಕೆಲವು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. ಬ್ರಿಟನ್ನಿನಲ್ಲಿ ಇವುಗಳ ಗಣತಿ ನಡೆಯುವುದೇ ಕಿವಿಯಿಂದ. 1997ರಲ್ಲಿ ಅಲ್ಲಿ ಹೀಗೆ ಸಿಕ್ಕಿದ್ದು 11 ಗಂಡು ಮಾತ್ರ. ಒಂದನ್ನೇ ಎರಡು ಸಲ ಎಣಿಸಿದರೆ? ಅದಕ್ಕೂ ದಾರಿಯಿದೆ. ದನಿಯನ್ನು ರೆಕಾರ್ಡ್ ಮಾಡಿ ಅದರ ಚಿತ್ರ ತೆಗೆದರೆ, ಒಂದು ಗಂಡಿನ ಹೂಂಕಾರ ಇನ್ನೊಂದರದ್ದರ ಹಾಗೆ ಇರುವುದಿಲ್ಲ.

ನಮ್ಮ ಕೆರೆ ಏರಿಯ ಮೇಲೆ ಅಷ್ಟೆಲ್ಲ ಬೇಕಿಲ್ಲ. ದನಿ ಎಷ್ಟು ದಪ್ಪ ಅನ್ನುವುದಕ್ಕಿಂತ ಅದರ ತಾಳ ಹಿಡಿಯಿರಿ: ಒಂದೇ ಸಮ ಬರುತ್ತದೋ, ಓಟ ಹೆಚ್ಚುತ್ತದೋ, ಕೊನೆಗೆ ಇಳಿಯುತ್ತದೋ. ಹೊರಗೆ ಕರೆಸಲೆಂದು ಮೊಬೈಲಿನಲ್ಲಿ ಅದರದೇ ಕೂಗು ಹಾಕುವ ಚಾಳಿ ನನಗೆ ಹಿಡಿಸುವುದಿಲ್ಲ. ಎದುರಾಳಿ ಬಂದನೆಂದು ಹಕ್ಕಿ ಸುಮ್ನೆ ಗಾಬರಿಬೀಳುತ್ತದೆ. ಮೋಸಹೋಗುವುದು ಹಕ್ಕಿಯೊಂದೇ ಅಲ್ಲ. ಒಮ್ಮೆ ನಾನು ಖುಷಿಯಿಂದ ಪುಸ್ತಕದಲ್ಲಿ ಗುರುತು ಹಾಕಿಕೊಂಡ ಕ್ರೇಕ್, ಏರಿಯ ಆ ತುದಿಯಲ್ಲಿ ಕೂತಿದ್ದವರ ಜೇಬಿನಲ್ಲಿತ್ತು.