ಎಷ್ಟು ನಿಮಿಷ? ಅಮೆರಿಕದ ಶಾಲೆಗಳ ಸುರಕ್ಷತೆ ಬಗ್ಗೆ ನನ್ನ ಓದಿನ ಟಿಪ್ಪಣಿ

ಅಮೆರಿಕದಲ್ಲಿ, ಅದರಲ್ಲೂ ಟೆಕ್ಸಸ್‌ನಲ್ಲಿ, ಶಾಲೆಯ ಕೆಲಸಕ್ಕೆ ಸೇರಲು ತಯಾರಾಗುತ್ತಿರುವ ಕನ್ನಡದ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಾಠ ಮಾಡುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಸೇರಿದ ಹೊಸದರಲ್ಲೇ ಲಾಕ್‌ಡೌನ್ ಡ್ರಿಲ್ (ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಅಡಗಿ ಕೂರುವ ಅಭ್ಯಾಸ), ರಕ್ತ ನಿಲ್ಲಿಸುವ ತರಬೇತಿ, ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಓಡಾಡುವ ಆಫೀಸರ್ ಎಲ್ಲವೂ ಒಟ್ಟಿಗೆ ಎದುರಾದರೆ ತಲೆ ಗಿರ್ ಅನ್ನುತ್ತದೆ. ನನಗೂ ಹಾಗೇ ಆಗಿತ್ತು. ಮೂರೂ ಬೇರೆ ಬೇರೆ ವಿಷಯ ಅಂದುಕೊಂಡಿದ್ದೆ. ಓದುತ್ತಾ ಹೋದ ಮೇಲೆ, ಮೂರರ ಹಿಂದೆಯೂ ಒಂದೇ ಪ್ರಶ್ನೆ ಇದೆ ಅನ್ನಿಸಿತು: ಎಷ್ಟು ನಿಮಿಷ ಹಿಡಿಯಿತು?

ಕಿಟಕಿಗೆ ಒರಗಿಸಿದ ಬೋರ್ಡ್

1999ರ ಏಪ್ರಿಲ್ 20. ಕೊಲೊರಾಡೊ ರಾಜ್ಯದ ಕೊಲಂಬೈನ್ ಹೈಸ್ಕೂಲ್. ಅಲ್ಲಿನ ಇಬ್ಬರು ವಿದ್ಯಾರ್ಥಿಗಳು ಬಂದೂಕು ಹಿಡಿದು ಬಂದು 12 ವಿದ್ಯಾರ್ಥಿಗಳನ್ನೂ ಒಬ್ಬ ಮೇಷ್ಟರನ್ನೂ ಕೊಂದರು. ಆ ಶಾಲೆಗೂ ಒಬ್ಬ ಸಶಸ್ತ್ರ ಆಫೀಸರ್ ಇದ್ದರು. ಇದನ್ನು ತುಂಬಾ ಜನ ಮರೆತುಬಿಡುತ್ತಾರೆ. ಅವರು ಹೊರಗಿನಿಂದ ಗುಂಡು ಹಾರಿಸಿದರು, ತಾಗಲಿಲ್ಲ. ಆಗಿನ ಪದ್ಧತಿಯಂತೆ ಉಳಿದ ಪೊಲೀಸರು ಕಟ್ಟಡ ಸುತ್ತುವರಿದು ಸ್ವಾಟ್ ಅನ್ನುವ ವಿಶೇಷ ಸಶಸ್ತ್ರ ಪೊಲೀಸ್ ತಂಡಕ್ಕಾಗಿ ಕಾದರು.

ಒಳಗೆ ಆ ಮೇಷ್ಟರು ಗುಂಡೇಟು ತಿಂದು ಒಂದು ತರಗತಿಯಲ್ಲಿ ಬಿದ್ದಿದ್ದರು. ಮಕ್ಕಳೇ ತಮ್ಮ ಟಿ-ಶರ್ಟ್ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದರು. ಒಬ್ಬರು ರಕ್ತ ಹೋಗಿ ಸಾಯುತ್ತಿದ್ದಾರೆ ಅಂತ ಬೋರ್ಡ್ ಮೇಲೆ ಬರೆದು, ಹೊರಗಿನವರಿಗೆ ಕಾಣುವಂತೆ ಕಿಟಕಿಗೆ ಇಟ್ಟರು. ನೆರವು ಒಳಗೆ ಬರುವಷ್ಟರಲ್ಲಿ ಸುಮಾರು ಮೂರು ಗಂಟೆ ಕಳೆದಿತ್ತು. ಅವರು ಉಳಿಯಲಿಲ್ಲ.

ಪೊಲೀಸರು ಇದರಿಂದ ಬೇಗ ಪಾಠ ಕಲಿತರು. ಸ್ವಾಟ್‌ಗೆ ಕಾಯಬೇಡಿ, ಮೊದಲು ತಲುಪಿದವರು ಗುಂಡಿನ ಸದ್ದು ಬರುವ ಕಡೆಗೇ ನುಗ್ಗಿ ಅನ್ನುವುದು ದೇಶದ ಎಲ್ಲಾ ಕಡೆ ತರಬೇತಿಯ ನಿಯಮವಾಯಿತು. ಆದರೆ ಆ ಮಕ್ಕಳ ಟಿ-ಶರ್ಟ್‌ನಲ್ಲಿದ್ದ ಇನ್ನೊಂದು ಪಾಠ, ಅಂದರೆ ಗಾಯದ ಹತ್ತಿರ ಇರುವವರಿಗೇ ರಕ್ತ ನಿಲ್ಲಿಸಲು ಕಲಿಸಬೇಕು ಅನ್ನುವುದು, ಸರಿಯಾಗಿ ತಲೆಗೆ ಹೋಗಲು ಇನ್ನೂ 14 ವರ್ಷ ಬೇಕಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಬಂದೂಕಿನ ಆಫೀಸರ್ ಇದ್ದರೆ ಸಾಕಾ?

ಇವರನ್ನು ಎಸ್‌ಆರ್‌ಒ ಅನ್ನುತ್ತಾರೆ, ಪೂರ್ತಿ ಹೆಸರು ಸ್ಕೂಲ್ ರಿಸೋರ್ಸ್ ಆಫೀಸರ್. ಇವರು ಪೂರ್ಣ ಅಧಿಕಾರವಿರುವ ಪೊಲೀಸರು. ನಮ್ಮೂರ ಶಾಲೆಯ ವಾಚ್‌ಮನ್ ಜೊತೆ ಹೋಲಿಸಬೇಡಿ.

2018ರ ಫೆಬ್ರವರಿ 14ರಂದು ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ ಗುಂಡಿಗೆ 17 ಜನ ಸತ್ತರು. ಅಲ್ಲಿನ ಸಶಸ್ತ್ರ ಆಫೀಸರ್ ಕಟ್ಟಡದ ಹೊರಗೇ ಉಳಿದರು. ಅವರ ಮೇಲೆ ಕೇಸ್ ನಡೆದು 2023ರಲ್ಲಿ ಖುಲಾಸೆಯಾಯಿತು. ವಿಚಿತ್ರ ನೋಡಿ, ಘಟನೆ ನಡೆದ ಮುಂದಿನ ತಿಂಗಳೇ ಫ್ಲೋರಿಡಾ ಪ್ರತಿ ಸರ್ಕಾರಿ ಶಾಲೆಗೂ ಒಬ್ಬ ಸಶಸ್ತ್ರ ಕಾವಲುಗಾರ ಇರಲೇಬೇಕು ಅಂತ ಕಾನೂನು ಮಾಡಿತು.

2022ರ ಮೇ 24, ಟೆಕ್ಸಸ್‌ನ ಯುವಾಲ್ಡಿ ಊರಿನ ಶಾಲೆ. 19 ಮಕ್ಕಳು, ಇಬ್ಬರು ಟೀಚರ್‌ಗಳು ಗುಂಡಿಗೆ ಸತ್ತರು. ಪೊಲೀಸರು ತಡವಾಗಿ ಬಂದರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮೊದಲ ಪೊಲೀಸರು ಕೆಲವೇ ನಿಮಿಷಗಳಲ್ಲಿ ಕಟ್ಟಡದ ಒಳಗಿದ್ದರು. ಆಮೇಲೆ ಬಂದು ಸೇರಿದವರ ಒಟ್ಟು ಸಂಖ್ಯೆ 376. ಆದರೂ ಹಂತಕನನ್ನು ಮುಗಿಸುವಷ್ಟರಲ್ಲಿ 77 ನಿಮಿಷ ಕಳೆದಿತ್ತು. ಬಾಗಿಲಿನ ಕೀ ಹುಡುಕುತ್ತಾ ಸಮಯ ಹೋಯಿತು. ಆ ಬಾಗಿಲಿಗೆ ಬೀಗವೇ ಬಿದ್ದಿರಲಿಲ್ಲ ಅನಿಸುತ್ತದೆ ಅಂತ ರಾಜ್ಯದ ಶಾಸಕರ ಸಮಿತಿ ಆಮೇಲೆ ಹೇಳಿತು. ಇಲ್ಲಿ ಬಂದೂಕಿಗೆ ಕೊರತೆ ಇರಲಿಲ್ಲ. ಕೊಲಂಬೈನ್ ನಂತರ ಕಲಿತ ಪಾಠ ಕಾಗದದಲ್ಲೇ ಉಳಿದಿತ್ತು, ಅಷ್ಟೇ.

ಇದಾದ ಮೇಲೆ ಟೆಕ್ಸಸ್ 2023ರಲ್ಲಿ ಪ್ರತಿ ಶಾಲೆಗೂ ಒಬ್ಬ ಸಶಸ್ತ್ರ ಆಫೀಸರ್ ಅಂತ ಕಾನೂನು ತಂದಿತು. ಅದಕ್ಕೆ ರಾಜ್ಯ ಆಗ ಕೊಟ್ಟ ಹಣ ವರ್ಷಕ್ಕೆ ಒಂದು ಶಾಲೆಗೆ 15,000 ಡಾಲರ್, ಜೊತೆಗೆ ಪ್ರತಿ ಮಗುವಿಗೆ 10 ಡಾಲರ್. ಒಬ್ಬ ಪೊಲೀಸರ ಸಂಬಳಕ್ಕೆ ಇದು ಎಲ್ಲಿ ಸಾಲುತ್ತದೆ? ಹಾಗಾಗಿ ಆಗದವರಿಗೆ ವಿನಾಯಿತಿ ಇದೆ. ತರಬೇತಿ ಪಡೆದ ಸಿಬ್ಬಂದಿಯೇ ಬಂದೂಕು ಇಟ್ಟುಕೊಳ್ಳಬಹುದು. ಹಾಗೆ ಬಂದೂಕು ಇಟ್ಟುಕೊಳ್ಳುವ ಸಿಬ್ಬಂದಿಯಲ್ಲಿ ಸ್ಕೂಲ್ ಮಾರ್ಷಲ್ ಅನ್ನುವವರು ಒಂದು ಬಗೆ, ಅದಾಗಲು 80 ಗಂಟೆಯ ತರಬೇತಿ ಬೇಕು. "ನಿನಗೂ ಬಂದೂಕು ಕೊಡ್ತಾರೇನೇ?" ಅಂತ ನಮ್ಮಮ್ಮ ಊರಿಂದ ಫೋನ್ ಮಾಡಿ ಕೇಳಿದ್ದರು. ಇಲ್ಲ. ಶಾಲಾ ಮಂಡಳಿ ಒಪ್ಪಬೇಕು, ನಾವಾಗಿ ಮುಂದೆ ಬರಬೇಕು. ಯಾರೂ ಬಲವಂತ ಮಾಡುವುದಿಲ್ಲ.

ಹಾಗಾದರೆ ಆಫೀಸರ್ ಇದ್ದೂ ಪ್ರಯೋಜನ ಇಲ್ಲವಾ? 2024ರ ಸೆಪ್ಟೆಂಬರ್ 4ರಂದು ಜಾರ್ಜಿಯಾದ ಅಪಲಾಚಿ ಹೈಸ್ಕೂಲ್‌ನಲ್ಲಿ ಏನಾಯಿತು ನೋಡಿ. ಟೀಚರ್‌ಗಳ ಕೊರಳಲ್ಲಿದ್ದ ಐಡಿ ಕಾರ್ಡ್‌ನಲ್ಲೇ ಪ್ಯಾನಿಕ್ ಬಟನ್ ಇತ್ತು. ಅದು ಬಂದು ಒಂದು ವಾರವಷ್ಟೇ ಆಗಿತ್ತು. ಒತ್ತಿದರು. ಶಾಲೆಯ ಆಫೀಸರ್‌ಗಳು ನಿಮಿಷಗಳಲ್ಲಿ ಎದುರಾದರು, 14 ವರ್ಷದ ಹುಡುಗ ಶರಣಾದ. ಅಷ್ಟರೊಳಗೆ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಟೀಚರ್‌ಗಳು ಸತ್ತಿದ್ದರು. ಆಫೀಸರ್‌ಗಳು ತಡಮಾಡಿದ್ದರೆ ಇನ್ನೂ ಎಷ್ಟು ಜನ ಸಾಯುತ್ತಿದ್ದರೋ.

ಇಲ್ಲಿ ಒಂದು ಅಧ್ಯಯನ ಓದಲೇಬೇಕು. ಜಾಮಾ ನೆಟ್‌ವರ್ಕ್ ಓಪನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 2021ರಲ್ಲಿ ಬಂದದ್ದು. 1980ರಿಂದ 2019ರವರೆಗಿನ 133 ಶಾಲಾ ಪ್ರಕರಣಗಳನ್ನು ನೋಡಿದರು. ಸಶಸ್ತ್ರ ಕಾವಲು ಇದ್ದ ಕಡೆ ಸಾವಿನ ಪ್ರಮಾಣ 2.83 ಪಟ್ಟು ಜಾಸ್ತಿ ಇತ್ತು. ಇದನ್ನು ಓದಿ "ಕಾವಲುಗಾರರಿಂದಲೇ ಸಾವು" ಅಂತ ಬರೆದರೆ ಪರೀಕ್ಷೆಯಲ್ಲಿ ಸೊನ್ನೆ. ಜೊತೆಗಿರುವುದೆಲ್ಲ ಕಾರಣವಲ್ಲ. ಸಂಶೋಧಕರ ಊಹೆ ಏನೆಂದರೆ, ಸಾಯಲೆಂದೇ ಬರುವವನಿಗೆ ಎದುರಿನ ಬಂದೂಕು ಹೆದರಿಕೆ ಹುಟ್ಟಿಸುವುದಿಲ್ಲ. ನನಗೆ ಅರ್ಥವಾದದ್ದು ಇಷ್ಟು: ಆಫೀಸರ್ ದಾಳಿಯನ್ನು ತಡೆಯುತ್ತಾರೆ ಅನ್ನುವುದಕ್ಕೆ ಆಧಾರ ತೆಳ್ಳಗಿದೆ. ಮೊಟಕು ಮಾಡಬಲ್ಲರು. ಆದರೆ ಒಳಗೆ ನುಗ್ಗಿದರೆ ಮಾತ್ರ.

ತಡೆಯುವುದು ಬೇರೆ ಕಡೆಯಿಂದ ಬರುತ್ತದೆ. ಅಮೆರಿಕದ ಅಧ್ಯಕ್ಷರ ಕಾವಲು ನೋಡಿಕೊಳ್ಳುವ ಸಂಸ್ಥೆ ಸೀಕ್ರೆಟ್ ಸರ್ವಿಸ್ 2008ರಿಂದ 2017ರವರೆಗಿನ 41 ಶಾಲಾ ದಾಳಿಗಳನ್ನು ಅಧ್ಯಯನ ಮಾಡಿತು. ಎಲ್ಲ ದಾಳಿಕೋರರ ನಡವಳಿಕೆಯಲ್ಲೂ ಮೊದಲೇ ಆತಂಕ ಹುಟ್ಟಿಸುವ ಸೂಚನೆಗಳಿದ್ದವು. ಬಂದೂಕು ಬಳಸಿದವರಲ್ಲಿ ಮುಕ್ಕಾಲು ಪಾಲು ಜನ ಅದನ್ನು ತಂದೆ ತಾಯಿ ಅಥವಾ ಹತ್ತಿರದ ನೆಂಟರ ಮನೆಯಿಂದಲೇ ತಂದಿದ್ದರು. ಮಗು ಬಂದು "ಮಿಸ್, ಅವನು ಹೀಗಂದ" ಅಂತ ಹೇಳಿದರೆ ಸುಮ್ನೆ ಚಾಡಿ ಅಂದುಕೊಳ್ಳಬೇಡಿ. ಕೌನ್ಸೆಲರ್‌ಗೆ ಹೇಳಿ.

ರಕ್ತ ನಿಲ್ಲಿಸುವುದು

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳೂ 6 ಜನ ದೊಡ್ಡವರೂ ಸತ್ತರು. 2013ರ ಏಪ್ರಿಲ್‌ನಲ್ಲಿ ಅದೇ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಶಸ್ತ್ರವೈದ್ಯರು, ಪೊಲೀಸರು, ಸೇನೆಯವರು ಕೂತು ಚರ್ಚಿಸಿದರು. ಅದಕ್ಕೆ ಹಾರ್ಟ್‌ಫರ್ಡ್ ಒಮ್ಮತ ಅಂತ ಹೆಸರು ಬಂತು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ, ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವ ಟೂರ್ನಿಕೆಟ್ ಪಟ್ಟಿ ಎಷ್ಟೋ ಸೈನಿಕರನ್ನು ಉಳಿಸಿತ್ತು. ಅದನ್ನು ಸಾಮಾನ್ಯ ಜನರಿಗೂ ಕಲಿಸೋಣ ಅನ್ನುವ ದಾರಿ ಅಲ್ಲಿಂದ ತೆರೆಯಿತು. 2015ರ ಅಕ್ಟೋಬರ್‌ನಲ್ಲಿ ಶ್ವೇತಭವನ "ಸ್ಟಾಪ್ ದ ಬ್ಲೀಡ್" ಅಭಿಯಾನ ಶುರು ಮಾಡಿತು. ಟೆಕ್ಸಸ್ 2019ರ ಕಾನೂನಿನಲ್ಲಿ ಶಾಲೆಗಳಲ್ಲಿ ರಕ್ತಸ್ರಾವ ತಡೆಯುವ ಕಿಟ್ ಕಡ್ಡಾಯ ಮಾಡಿತು. 7ನೇ ತರಗತಿಯಿಂದ ಮೇಲಿನ ಮಕ್ಕಳಿಗೂ ಕಲಿಯುವ ಅವಕಾಶ ಇದೆ.

ಯಾಕೆ ಇಷ್ಟು ಅವಸರ? ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. 20 ಕೆಜಿ ತೂಕದ ಒಂದನೇ ಕ್ಲಾಸಿನ ಮಗುವಿನಲ್ಲಿ ಸುಮಾರು ಒಂದೂವರೆ ಲೀಟರ್ ಅಷ್ಟೇ. ದೊಡ್ಡ ರಕ್ತನಾಳ ಕತ್ತರಿಸಿದರೆ 5 ನಿಮಿಷದೊಳಗೆ ಜೀವ ಹೋಗಬಹುದು. ಆಂಬ್ಯುಲೆನ್ಸ್ ಅಷ್ಟರಲ್ಲಿ ಗೇಟಿಗೂ ಬಂದಿರುವುದಿಲ್ಲ.

ಮೊದಲು 911ಕ್ಕೆ, ಅಂದರೆ ಅಮೆರಿಕದ ತುರ್ತು ನಂಬರಿಗೆ, ಫೋನ್ ಮಾಡಿ. ಆಮೇಲೆ ಗಾಯ ಎಲ್ಲಿದೆ ಅಂತ ಹುಡುಕಿ. ಬಟ್ಟೆ ಕತ್ತರಿಸಿಯಾದರೂ ನೋಡಿ. ಚಿಮ್ಮುವ ರಕ್ತ, ನಿಲ್ಲದೆ ಹರಿಯುವ ರಕ್ತ, ನೆಲದಲ್ಲಿ ಮಡುಗಟ್ಟಿದ ರಕ್ತ ಕಂಡರೆ ಅದು ಪ್ರಾಣಕ್ಕೆ ಅಪಾಯ. ಮುಂದೇನು ಅನ್ನುವುದು ಗಾಯದ ಜಾಗದ ಮೇಲೆ ಹೋಗುತ್ತದೆ.

ಕೈ ಅಥವಾ ಕಾಲಿನಲ್ಲಾದರೆ ಟೂರ್ನಿಕೆಟ್. ಇದು ಅಗಲದ ಪಟ್ಟಿ, ಅದರಲ್ಲೊಂದು ಸಣ್ಣ ಕೋಲು. ನಮ್ಮ ಕಡೆ ಗಾಡಿಗೆ ಹುಲ್ಲು ಹೇರಿ ಹಗ್ಗಕ್ಕೆ ಕೋಲು ಸಿಕ್ಕಿಸಿ ತಿರುವಿ ಬಿಗಿ ಮಾಡುತ್ತಾರಲ್ಲ, ಅದೇ ಉಪಾಯ. ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ ಕಟ್ಟಬೇಕು. ಮೊಣಕೈ, ಮೊಣಕಾಲಿನ ಕೀಲಿನ ಮೇಲೆ ಬೇಡ. ರಕ್ತ ನಿಲ್ಲುವವರೆಗೂ ಕೋಲು ತಿರುವಿ. ಇಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ, ನಾನೂ ಮಾಡಿದೆ: ನೋವಾಗುತ್ತದೆ ಅಂತ ಸಡಿಲ ಬಿಡುತ್ತೇವೆ. ಸರಿಯಾಗಿ ಕಟ್ಟಿದರೆ ನೋವು ಆಗಿಯೇ ಆಗುತ್ತದೆ, ಮಗು ಕಿರುಚುತ್ತದೆ. ಕಿರುಚಲಿ. ಕಟ್ಟಿದ ಹೊತ್ತನ್ನು ಮಾರ್ಕರ್‌ನಲ್ಲಿ ಬರೆಯಿರಿ. ಬಿಚ್ಚುವ ಕೆಲಸ ಡಾಕ್ಟರದ್ದು. ನಡುನಡುವೆ ಸಡಿಲಿಸಿ ನೋಡುವ ಹಳೆಯ ಅಭ್ಯಾಸ ಪೂರ್ತಿ ತಪ್ಪು. ಪುಟ್ಟ ತೋಳಿಗೆ ಪಟ್ಟಿ ಕೂರದಿದ್ದರೆ ಕೈಯಿಂದ ನೇರವಾಗಿ ಒತ್ತಿ ಹಿಡಿಯಿರಿ.

ಕುತ್ತಿಗೆ, ಭುಜ, ತೊಡೆಸಂದಿಗೆ ಪಟ್ಟಿ ಕಟ್ಟಲಾಗುವುದಿಲ್ಲ. ಅಲ್ಲಿ ಗಾಜ್ ಬಟ್ಟೆಯನ್ನು ಗಾಯದ ಆಳಕ್ಕೆ ತುರುಕಬೇಕು. ಮೇಲೆ ಇಟ್ಟರೆ ಆಗದು, ಒಳಗೆ ತುಂಬಬೇಕು. ಆಮೇಲೆ ಎರಡೂ ಕೈಯಿಂದ, ಮೈಭಾರ ಹಾಕಿ ಒತ್ತಬೇಕು. ನಿಂತಿತಾ ಅಂತ ಎತ್ತಿ ಎತ್ತಿ ನೋಡಬೇಡಿ. ಗಾಜ್ ಇಲ್ಲವಾ, ಶುಭ್ರವಾದ ಬಟ್ಟೆ, ದುಪಟ್ಟಾ, ಏನಿದ್ದರೂ ಸರಿ. ಎದೆ, ಹೊಟ್ಟೆಯ ಗಾಯಕ್ಕೆ ಮಾತ್ರ ಹೀಗೆ ತುರುಕಬಾರದು. ಅಂಥವರನ್ನು ಎಷ್ಟು ಬೇಗ ಆಸ್ಪತ್ರೆಗೆ ಸಾಗಿಸುತ್ತೇವೆ ಅನ್ನುವುದೇ ಮುಖ್ಯ.

ಊರಲ್ಲಿ ಇದನ್ನು ಓದುವವರಿಗೆ ಒಂದು ಮಾತು. ಹಾವು ಕಚ್ಚಿದರೆ ಈ ಪಟ್ಟಿ ಬೇಡವೇ ಬೇಡ. ವಿಷ ಏರಬಾರದು ಅಂತ ಹಗ್ಗ ಬಿಗಿದು ಕಾಲೇ ಕಳೆದುಕೊಂಡವರಿದ್ದಾರೆ. ಟೂರ್ನಿಕೆಟ್ ಇರುವುದು ಸುರಿಯುವ ರಕ್ತಕ್ಕೆ ಮಾತ್ರ. ರಸ್ತೆ ಅಪಘಾತದಲ್ಲಾದರೆ ಇದೇ ವಿದ್ಯೆ ಬೆಂಗಳೂರಿನಲ್ಲೂ ಅಷ್ಟೇ ಕೆಲಸಕ್ಕೆ ಬರುತ್ತದೆ.

ಇದರ ಮಿತಿಯನ್ನೂ ಮುಚ್ಚಿಡಬಾರದು. 2016ರಲ್ಲಿ ಬಂದ ಒಂದು ಅಧ್ಯಯನ 12 ಸಾಮೂಹಿಕ ಗುಂಡಿನ ದಾಳಿಗಳಲ್ಲಿ ಸತ್ತ 139 ಜನರ ಗಾಯಗಳನ್ನು ನೋಡಿತು. ಉಳಿಸಬಹುದಾಗಿದ್ದವರು 7 ಶೇಕಡಾ. ಕೈಕಾಲಿನ ರಕ್ತಸ್ರಾವದಿಂದಲೇ ಸತ್ತವರು ಒಬ್ಬರೂ ಇರಲಿಲ್ಲ. ಯುದ್ಧದಲ್ಲಿ ಸೈನಿಕರ ಎದೆಗೆ ಕವಚ ಇರುತ್ತದೆ, ಗಾಯ ಕೈಕಾಲಿಗೆ ಆಗುತ್ತದೆ. ಮಕ್ಕಳಿಗೆ ಕವಚ ಎಲ್ಲಿದೆ? ಇದನ್ನು ಓದಿದ ದಿನ ನನಗೆ ಪುಸ್ತಕ ಮುಚ್ಚಿಡುವಂತಾಯಿತು. ಆದರೂ ತರಬೇತಿ ದಂಡ ಅನ್ನಲಾರೆ. ಒಡೆದ ಗಾಜು, ವರ್ಕ್‌ಶಾಪ್‌ನ ಗರಗಸ, ಸುಂಟರಗಾಳಿ, ಪಾರ್ಕಿಂಗ್‌ನಲ್ಲಿ ಕಾರು, ಶಾಲೆಯಲ್ಲಿ ರಕ್ತ ಸುರಿಯಲು ಕಾರಣಗಳು ಬೇಕಾದಷ್ಟಿವೆ.

ಡ್ರಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾಗಿಲು ಹಾಕು, ದೀಪ ಆರಿಸು, ಕಣ್ಣಿಗೆ ಬೀಳದ ಮೂಲೆಯಲ್ಲಿ ಸದ್ದಿಲ್ಲದೆ ಕೂರು. ಅಷ್ಟು ಸಾಕು. ನಿಜವೆಂಬಂತೆ ನಾಟಕ ಮಾಡುವುದು ಬೇಡ. 2019ರಲ್ಲಿ ಇಂಡಿಯಾನಾದ ಒಂದು ಶಾಲೆಯಲ್ಲಿ ತರಬೇತಿಯ ಹೆಸರಲ್ಲಿ ಟೀಚರ್‌ಗಳನ್ನು ಗೋಡೆಗೆ ಮುಖ ಮಾಡಿಸಿ ಪ್ಲಾಸ್ಟಿಕ್ ಗುಂಡು ಹೊಡೆದರು. ಮೈಮೇಲೆ ಬರೆ ಬಂದವು. ಅದರಿಂದ ಯಾರು ಏನು ಕಲಿತರೋ ನನಗೆ ತಿಳಿಯಲಿಲ್ಲ.

ಸೇರಿದ ದಿನವೇ ನಿಮ್ಮ ತರಗತಿಯ ಬಾಗಿಲು ಒಳಗಿನಿಂದ ಬೀಗ ಬೀಳುತ್ತದಾ ಅಂತ ಕೈಯಾರೆ ನೋಡಿ. ಕಿಟ್ ಯಾವ ಗೋಡೆಯಲ್ಲಿದೆ ಕೇಳಿ. ತರಬೇತಿಯ ನಂತರ ನಾನು ಒಂದು ಟೂರ್ನಿಕೆಟ್ ಕೊಂಡು ಮನೆಯಲ್ಲಿ ಗಂಡನ ತೋಳಿಗೆ ಕಟ್ಟಿ ನೋಡಿದೆ. ಫೋನಿನ ಸ್ಟಾಪ್‌ವಾಚ್ ಇಟ್ಟು. ಮೊದಲ ಸಲ ಪಟ್ಟಿ ತಿರುಚಿಕೊಂಡು ಒಂದೂವರೆ ನಿಮಿಷ ಹಿಡಿಯಿತು. ಆರನೇ ಸಲಕ್ಕೆ 28 ಸೆಕೆಂಡ್. ಏಳನೇ ಸಲಕ್ಕೆ ಅವರು ತೋಳು ಕೊಡಲಿಲ್ಲ.